ಕ್ಯಾಂಪರ್ ವ್ಯಾನಿನಲ್ಲಿ ಗ್ಯಾಸ್ ಸಿಲಿಂಡರ್: ಕೂರಿಸುವುದರಿಂದ ಮಲಗುವ ತನಕ, ಹಂತ ಹಂತವಾಗಿ

ಟೆಂಪೊ ಟ್ರಾವೆಲರನ್ನೋ ಓಮ್ನಿಯನ್ನೋ ಮನೆ ಮಾಡಿಕೊಂಡು ಹೊರಡುವವರು ಈಗ ಜಾಸ್ತಿಯಾಗಿದ್ದಾರೆ. ಅಂಥ ಗೆಳೆಯರ ವ್ಯಾನ್ ನೋಡಲು ಹೋದಾಗಲೆಲ್ಲ ನಾನು ಮೊದಲು ಬಗ್ಗಿ ಹಾಸಿಗೆಯ ಕೆಳಗೆ ನೋಡುತ್ತೇನೆ. ಅಲ್ಲಿ ಸಿಲಿಂಡರ್ ಇದ್ದೇ ಇರುತ್ತದೆ. ಸುತ್ತ ಬಟ್ಟೆ ಚೀಲ, ಪಕ್ಕದಲ್ಲಿ ಇನ್ವರ್ಟರ್. ನೆಲದಲ್ಲಿ ಒಂದು ತೂತೂ ಇಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಮನೆಯಲ್ಲೂ ಹೀಗೇ ಇಟ್ಟಿದ್ದೇವಲ್ಲ?" ತಪ್ಪು ಶುರುವಾಗುವುದು ಇಲ್ಲೇ. ಎಲ್ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನ ಹಾಗೆ ಕೆಳಕ್ಕಿಳಿದು ನೆಲದ ಮೇಲೆ ಹರಡುತ್ತದೆ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಒಂದಷ್ಟು ಹೊರಗೆ ಹೋಗುತ್ತದೆ. ವ್ಯಾನಿನ ಬಾಗಿಲಿಗೆ ಸುತ್ತಲೂ ರಬ್ಬರ್ ಬೀಡಿಂಗ್, ಕೆಳಗೆ ತಗಡು. ಅದು ಒಂದು ತೊಟ್ಟಿ. ಬಿದ್ದದ್ದು ಅಲ್ಲೇ ನಿಲ್ಲುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. 5 ಕೆಜಿ ಗ್ಯಾಸ್ ಆವಿಯಾದರೆ ಸುಮಾರು 2,200 ಲೀಟರ್. ಗಾಳಿಯಲ್ಲಿ ಶೇ 2ರಷ್ಟು ಗ್ಯಾಸ್ ಬೆರೆತರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. 10 ಘನ ಮೀಟರ್ ಇರುವ ವ್ಯಾನಿಗೆ ಆ ಶೇ 2 ಎಂದರೆ 200 ಲೀಟರ್, ಅಂದರೆ ಅರ್ಧ ಕೆಜಿಯೂ ಅಲ್ಲ. ಗ್ಯಾಸ್ ಸಮವಾಗಿ ಹರಡದೆ ಕೆಳಗೇ ಕೂರುವುದರಿಂದ ಅದಕ್ಕಿಂತ ತುಂಬ ಕಡಿಮೆ ಸೋರಿದರೂ ನಿಮ್ಮ ಪಾದದ ಬಳಿ ಅಪಾಯ ಸಿದ್ಧವಾಗಿರುತ್ತದೆ.

ಆದ್ದರಿಂದ ಇಲ್ಲಿ ಹಂತಗಳ ಕ್ರಮ ಮುಖ್ಯ. ಎಲ್ಲರೂ ಮೊದಲು ಚೆಂದದ ಸ್ಟವ್ ಕೊಳ್ಳುತ್ತಾರೆ, ಪೀಠೋಪಕರಣ ಮಾಡಿಸುತ್ತಾರೆ, ಸಿಲಿಂಡರನ್ನು ಕೊನೆಗೆ ಎಲ್ಲೋ ತುರುಕುತ್ತಾರೆ. ದಯವಿಟ್ಟು ತಿರುಗಿಸಿ ಮಾಡಿ. ಸಿಲಿಂಡರಿನ ಜಾಗ ಮೊದಲು, ಉಳಿದದ್ದು ಆಮೇಲೆ.

ಕೈಗೆ ಸಿಗುವಂತೆ ಇರಬೇಕಾದ ಸಾಮಾನು

ಸಣ್ಣ ಬ್ರಷ್ ಮತ್ತು ಸೋಪು ನೀರಿನ ಡಬ್ಬಿ. ಎರಡು ಸ್ಪ್ಯಾನರ್, ಸ್ಕ್ರೂಡ್ರೈವರ್. ಟಾರ್ಚ್. ಲಗೇಜ್ ತೂಗುವ ಸಣ್ಣ ತಕ್ಕಡಿ. ಒಣ ಪುಡಿಯ ಅಗ್ನಿಶಾಮಕ, ಫೈರ್ ಬ್ಲಾಂಕೆಟ್. ಎಲ್ಪಿಜಿ ಅಲಾರಂ ಒಂದು, ಕಾರ್ಬನ್ ಮಾನಾಕ್ಸೈಡ್ (ಉರಿ ಅರೆಬರೆಯಾದಾಗ ಹುಟ್ಟುವ ವಿಷಾನಿಲ) ಅಲಾರಂ ಇನ್ನೊಂದು. ಈ ಎರಡು ಅಲಾರಂ ಬೇರೆ ಬೇರೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಇವಿಷ್ಟಕ್ಕೆ ದುಡ್ಡಿಲ್ಲ ಎನಿಸಿದರೆ ಪರದೆ, ದೀಪಗಳ ಖರ್ಚು ಮುಂದಕ್ಕೆ ಹಾಕಿ.

ಹಂತ 1: ಸರಿಯಾದ ಸಿಲಿಂಡರ್ ಆರಿಸಿ

ಮನೆಯ 14.2 ಕೆಜಿ ಕೆಂಪು ಸಿಲಿಂಡರ್ ವ್ಯಾನಿಗೆ ಬೇಡ. ಅದು ಮನೆಯ ವಿಳಾಸಕ್ಕೆ ಕೊಟ್ಟದ್ದು. ತುಂಬಿದಾಗ ಸುಮಾರು 30 ಕೆಜಿ ತೂಗುತ್ತದೆ. ಬ್ರೇಕ್ ಹಾಕಿದಾಗ ಆ ತೂಕ ಮುಂದಕ್ಕೆ ನುಗ್ಗುವುದನ್ನು ಒಂದು ಕ್ಷಣ ಯೋಚಿಸಿ.

5 ಕೆಜಿಯ ಸಿಲಿಂಡರ್ ಧಾರಾಳವಾಗಿ ಸಾಕು. 2 ಕಿಲೋವ್ಯಾಟಿನ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 150 ಗ್ರಾಂ ಗ್ಯಾಸ್ ಸುಡುತ್ತದೆ. ಅಂದರೆ 5 ಕೆಜಿಗೆ 30 ಗಂಟೆಗಿಂತ ಜಾಸ್ತಿ. ಇಬ್ಬರು ದಿನಕ್ಕೆ ಎರಡು ಗಂಟೆ ಅಡುಗೆ ಮಾಡಿದರೂ ಎರಡು ವಾರ ಬರುತ್ತದೆ. ತೈಲ ಕಂಪನಿಗಳ 5 ಕೆಜಿ ಎಫ್‌ಟಿಎಲ್ (ಫ್ರೀ ಟ್ರೇಡ್ ಎಲ್ಪಿಜಿ, ಅಂದರೆ ಮುಕ್ತವಾಗಿ ಮಾರುವ) ಸಿಲಿಂಡರನ್ನು ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು, ವಿಳಾಸದ ದಾಖಲೆ ಬೇಕಿಲ್ಲ. ಇಂಡೇನ್ ಇದನ್ನು 'ಛೋಟು' ಎಂದು ಕರೆಯುತ್ತದೆ. ಕಾಂಪೋಸಿಟ್ (ಗಾಜಿನ ನಾರು, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಸಿಲಿಂಡರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಗುರ, ತುಕ್ಕು ಹಿಡಿಯುವುದಿಲ್ಲ, ಬೆಳಕಿಗೆ ಹಿಡಿದರೆ ಒಳಗೆ ಎಷ್ಟಿದೆ ಎಂದು ಕಾಣುತ್ತದೆ.

ಕೊಳ್ಳುವಾಗ ಮೂರು ಕಡೆ ಕಣ್ಣು ಹಾಯಿಸಿ. ಸೀಲ್ ಮತ್ತು ನೈಲಾನ್ ದಾರದ ಸೇಫ್ಟಿ ಕ್ಯಾಪ್ ಇದೆಯೇ? ಕ್ಯಾಪ್ ತೆಗೆದಾಗ ವಾಲ್ವಿನೊಳಗೆ ಕಪ್ಪು ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ? ಕಬ್ಬಿಣದ ಸಿಲಿಂಡರಾದರೆ ಹಿಡಿಯ ಪಟ್ಟಿಯ ಒಳಬದಿಯಲ್ಲಿ ಬರೆದ ತಪಾಸಣೆಯ ಗಡುವು ದಾಟಿಲ್ಲ ತಾನೆ? ಅಲ್ಲಿ ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದ ಅಂಕೆ ವರ್ಷ. 'ಬಿ 28' ಎಂದಿದ್ದರೆ 2028ರ ಜೂನ್ ತನಕ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಪೈಪ್ ಹಾಕಿ ತುಂಬಿಕೊಡುವ ಅಂಗಡಿಗೆ ಹೋಗಲೇಬೇಡಿ. ಅದು ಕಾನೂನುಬಾಹಿರ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಸಿಲಿಂಡರಿನಲ್ಲಿ ಮೇಲೆ ಸ್ವಲ್ಪ ಜಾಗ ಖಾಲಿ ಬಿಟ್ಟೇ ತುಂಬಬೇಕು. ಬಿಸಿಯಾದಾಗ ದ್ರವ ಹಿಗ್ಗಲು ಆ ಜಾಗ ಬೇಕು. ಅಂದಾಜಿನಲ್ಲಿ ಕಂಠಮಟ್ಟ ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಇಟ್ಟರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಹಂತ 2: ಸಿಲಿಂಡರಿಗೆ ಅದರದೇ ಗೂಡು ಕಟ್ಟಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇದಕ್ಕೆ ಎರಡು ದಿನ ಹಿಡಿದರೂ ಪರವಾಗಿಲ್ಲ.

ಗೂಡು ವಾಸದ ಜಾಗದಿಂದ ಪೂರ್ತಿ ಬೇರೆಯಾಗಿರಬೇಕು. ಮರ ಅಥವಾ ತಗಡಿನ ಪೆಟ್ಟಿಗೆ ಮಾಡಿಸಿ, ಒಳಗಿನ ಎಲ್ಲ ಮೂಲೆಗಳಿಗೂ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಹಚ್ಚಿ. ಅದರ ಬಾಗಿಲು ವ್ಯಾನಿನ ಹೊರಗಿನಿಂದ ತೆರೆಯುವಂತಿರಲಿ. ಆಗಲಿಲ್ಲವೆಂದರೆ ಹಿಂಬಾಗಿಲು ತೆರೆದಾಗ ಕೈಗೆ ಸಿಗುವಂತಿರಲಿ. ಆದರೆ ಬಾಗಿಲ ಅಂಚಿಗೆ ರಬ್ಬರ್ ಬೀಡಿಂಗ್ ಬೇಕೇ ಬೇಕು.

ಇನ್ನು ತೂತು. ಗೂಡಿನ ನೆಲದಲ್ಲಿ, ನೇರ ವ್ಯಾನಿನ ಅಡಿಗೆ ತೆರೆಯುವ ತೂತು. ಯುರೋಪಿನಲ್ಲಿ ಮೋಟರ್‌ಹೋಮ್‌ಗಳ ಗ್ಯಾಸ್ ವ್ಯವಸ್ಥೆಗೆ ಇಎನ್ 1949 ಎಂಬ ಮಾನದಂಡವಿದೆ. ಅದರ ಪ್ರಕಾರ ಕೆಳಗಿನ ತೂತು ಮಾತ್ರ ಇದ್ದರೆ ಅದು ಗೂಡಿನ ನೆಲದ ಶೇ 2ರಷ್ಟಾದರೂ ಇರಬೇಕು, ಹೇಗೂ 100 ಚದರ ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ಅಂದರೆ ಅಂಗೈ ಅಗಲ, 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲ. ನಾನು ನೋಡಿದ ವ್ಯಾನ್‌ಗಳಲ್ಲಿ ತೂತು ಇದ್ದರೂ ಹೆಬ್ಬೆರಳಿನಷ್ಟು ಇರುತ್ತದೆ. ಸಾಲದು.

ತೂತಿಗೆ ಜಾಲರಿ ಹಾಕಿದರೆ ಅದು ಮುಚ್ಚುವ ಜಾಗವನ್ನೂ ಲೆಕ್ಕಕ್ಕೆ ಹಿಡಿದು ತೂತನ್ನು ದೊಡ್ಡದು ಮಾಡಿ. ಜಾಲರಿ ತೀರಾ ಸಣ್ಣ ಕಣ್ಣಿನದು ಬೇಡ, ಮಣ್ಣು ಕಟ್ಟಿಕೊಳ್ಳುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಬಗ್ಗಿ ನೋಡಿ. ಕೆಸರು, ಎಲೆ, ಕೆಲವೊಮ್ಮೆ ಕಣಜದ ಮಣ್ಣಿನ ಗೂಡು, ಎಲ್ಲ ಸೇರಿ ತೂತನ್ನು ಮುಚ್ಚಿರುತ್ತವೆ. ಎಕ್ಸಾಸ್ಟ್ ಪೈಪಿನ ಹತ್ತಿರ ತೂತು ಕೊರೆಯಬೇಡಿ. ಕೊರೆಯುವ ಮುಂಚೆ ಕೆಳಗೆ ನುಸುಳಿ ಡೀಸೆಲ್ ಲೈನ್, ಬ್ರೇಕ್ ಲೈನ್, ವೈರಿಂಗ್ ಎಲ್ಲಿವೆ ಎಂದು ನೋಡಿಕೊಳ್ಳಿ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ, ಸ್ಟವ್‌ನಲ್ಲಿ ಉರಿ ಆಳೆತ್ತರ ಏಳಬಹುದು. ಬುಡಕ್ಕೊಂದು ಚೌಕಟ್ಟು, ಹೊಟ್ಟೆಗೆ ಒಂದು ಪಟ್ಟಿ, ಭುಜಕ್ಕೆ ಒಂದು ಪಟ್ಟಿ. ರಬ್ಬರ್ ಹಗ್ಗ ಬೇಡ, ಬಕಲ್ ಇರುವ ಪಟ್ಟಿಯೇ ಆಗಬೇಕು. ಗೂಡಿನೊಳಗೆ ಬೇರೇನೂ ಇಡಬೇಡಿ. ಲೈಟ್, ಸ್ವಿಚ್, ಬ್ಯಾಟರಿ ಅಂತೂ ಇಲ್ಲವೇ ಇಲ್ಲ. ಸುಮ್ನೆ ಜಾಗ ಖಾಲಿ ಇದೆ ಎಂದು ಟೂಲ್ ಬಾಕ್ಸ್ ತುರುಕಿದರೆ, ಅದು ಒಂದು ದಿನ ಸರಿದು ತೂತನ್ನೇ ಮುಚ್ಚುತ್ತದೆ.

ವ್ಯಾನಿನ ರಚನೆ ಬದಲಿಸುವವರು ಆರ್‌ಟಿಒ ಒಪ್ಪಿಗೆ ಪಡೆಯಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲದಿದ್ದರೆ ಅವಘಡವಾದಾಗ ಪರಿಹಾರ ಕೈತಪ್ಪಬಹುದು.

ಹಂತ 3: ರೆಗ್ಯುಲೇಟರ್, ಪೈಪ್, ಸ್ಟವ್ ಜೋಡಿಸಿ

ರೆಗ್ಯುಲೇಟರ್ ಸಿಲಿಂಡರ್ ಕೊಟ್ಟವರದೇ ಆಗಿರಲಿ. ಮನೆಯ ಸ್ಟವ್ ಕೆಲಸ ಮಾಡುವುದು ಸುಮಾರು 30 ಮಿಲಿಬಾರ್ ಒತ್ತಡದಲ್ಲಿ. ಬೇಗ ಅಡುಗೆ ಆಗಲಿ ಎಂದು ಹೋಟೆಲಿನ ಹೈ ಪ್ರೆಷರ್ ರೆಗ್ಯುಲೇಟರ್ ಹಾಕಿದರೆ ಸ್ಟವ್‌ನ ಕಾಕ್‌ಗಳು (ನಾಬಿನ ಹಿಂದಿನ ಗ್ಯಾಸ್ ನಲ್ಲಿಗಳು) ಆ ಒತ್ತಡ ತಡೆಯುವುದಿಲ್ಲ.

ಪೈಪಿಗೆ ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಬಳಸಿ. ಐಎಸ್ 9573 ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಅದರ ಆಯಸ್ಸು 5 ವರ್ಷ. ವ್ಯಾನಿನಲ್ಲಿ ಬಿಸಿ, ಕುಲುಕಾಟ ಎರಡೂ ಜಾಸ್ತಿ. ಹಾಗಾಗಿ ನಾನು ಮೂರು ವರ್ಷಕ್ಕೇ ಬದಲಾಯಿಸುತ್ತೇನೆ.

ಗೂಡಿನಿಂದ ಸ್ಟವ್ ದೂರವಿದ್ದರೆ ಉದ್ದಕ್ಕೂ ರಬ್ಬರ್ ಎಳೆಯಬೇಡಿ. ನಡುವೆ ತಾಮ್ರದ ಪೈಪ್ ಹಾಕಿಸಿ, ಅರ್ಧ ಮೀಟರಿಗೊಂದು ಕ್ಲಿಪ್ ಹಾಕಿ ಗೋಡೆಗೆ ಬಿಗಿಸಿ. ಈ ಕೆಲಸ ಗ್ಯಾಸ್ ಪೈಪಿನ ಕೆಲಸ ಗೊತ್ತಿರುವವರೇ ಮಾಡಲಿ. ಫ್ರಿಜ್ ರಿಪೇರಿಯವರು, ಬಡಗಿ ಮಾಡಬಾರದು. ಪೈಪ್ ಗೂಡಿನ ಗೋಡೆ ದಾಟುವಲ್ಲಿ ರಬ್ಬರ್ ಬಳೆ ಹಾಕಿ, ಸುತ್ತ ಸೀಲೆಂಟ್ ತುಂಬಿ. ಜೋಡಣೆಗಳು ಆದಷ್ಟು ಕಡಿಮೆ ಇರಲಿ. ಇರುವವು ಕಣ್ಣಿಗೆ ಕಾಣಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ವ್ಯಾನಿನಲ್ಲಿ ಪೈಪು ಪಾತ್ರೆಯ ಡ್ರಾಯರಿನ ಹಿಂದೆ ಹಾದುಹೋಗಿತ್ತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಡ್ರಾಯರು ಅದನ್ನು ಉಜ್ಜುತ್ತಿತ್ತು. ಉಪ್ಪಿನಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನನ್ನ ಹೆಂಡತಿಗೆ ಸಣ್ಣಗೆ ವಾಸನೆ ಬಂತು. ನನಗೆ ಬರಲಿಲ್ಲ, ನೆಗಡಿಯಾಗಿತ್ತು. ಡ್ರಾಯರ್ ಕಳಚಿ ನೋಡಿದರೆ ಪೈಪಿನ ಹೊರಪದರ ಸವೆದು ಒಳಗಿನ ತಂತಿ ಕಾಣುತ್ತಿತ್ತು. ಆ ದಿನ ರೆಗ್ಯುಲೇಟರ್ ಬಂದ್ ಮಾಡದೆ ಹೊರಟಿದ್ದೆ. ಈಗಲೂ ನೆನೆದರೆ ಮೈ ಜುಂ ಎನ್ನುತ್ತದೆ.

ಹೋಸಿನ ಎರಡೂ ತುದಿಗೆ ಕ್ಲಿಪ್ ಬೇಕು. ಆದರೆ ಬಿಗಿ ಸಾಲದೆಂದು ತಿರುಗಿಸುತ್ತಲೇ ಹೋದರೆ ಕ್ಲಿಪ್ಪಿನ ಅಂಚು ರಬ್ಬರನ್ನು ಸೀಳುತ್ತದೆ. ಕೈಯಲ್ಲಿ ಎಳೆದರೆ ಜಾರಬಾರದು, ಅಷ್ಟು ಸಾಕು.

ಸ್ಟವ್ ಕೊಳ್ಳುವಾಗ ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇರುವುದನ್ನೇ ಕೇಳಿ. ಬರ್ನರ್ ಪಕ್ಕ ಸಣ್ಣ ಕಡ್ಡಿಯಂಥ ಸೆನ್ಸರ್ ಇರುತ್ತದೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಬಾಗಿಲು ತೆರೆದು ಅಡುಗೆ ಮಾಡುವಾಗ ಕಡಲ ಗಾಳಿಗೆ ಉರಿ ಆರುವುದು ಗೊತ್ತೇ ಆಗುವುದಿಲ್ಲ.

ಹಂತ 4: ಸೋರಿಕೆ ಪರೀಕ್ಷೆ

1. ಬಾಗಿಲು, ಕಿಟಕಿ ತೆರೆಯಿರಿ. ಹತ್ತಿರದಲ್ಲಿ ಬೆಂಕಿ, ಬೀಡಿ, ಸಿಗರೇಟು ಯಾವುದೂ ಇರಬಾರದು.

2. ಸ್ಟವ್‌ನ ಎಲ್ಲ ನಾಬ್ ಮುಚ್ಚಿ.

3. ರೆಗ್ಯುಲೇಟರ್ ಕೂರಿಸಿ, ಆನ್ ಮಾಡಿ. ತುಂಬ ಜನ ಇಲ್ಲೇ ಎಡವುತ್ತಾರೆ. ಆಫ್ ಇದ್ದಾಗಲೇ ಸೋಪು ಹಚ್ಚಿ "ಗುಳ್ಳೆ ಬರಲಿಲ್ಲ" ಎಂದು ಸಮಾಧಾನ ಪಡುತ್ತಾರೆ. ಪೈಪಿನಲ್ಲಿ ಗ್ಯಾಸೇ ಇಲ್ಲದಿದ್ದರೆ ಗುಳ್ಳೆ ಎಲ್ಲಿಂದ ಬರಬೇಕು?

4. ವಾಲ್ವ್, ರೆಗ್ಯುಲೇಟರ್, ಹೋಸಿನ ಎರಡೂ ತುದಿ, ತಾಮ್ರದ ಪೈಪಿನ ಪ್ರತಿ ಜೋಡಣೆ, ಸ್ಟವ್‌ನ ಕಾಕ್‌ಗಳು, ಎಲ್ಲಕ್ಕೂ ಸೋಪು ನೀರು ಹಚ್ಚಿ. ಒಂದೊಂದನ್ನೂ ಪೂರ್ತಿ ಒಂದು ನಿಮಿಷ ನೋಡಿ. ಸಣ್ಣ ಸೋರಿಕೆಗೆ ಗುಳ್ಳೆ ನಿಧಾನ ಊದುತ್ತದೆ.

5. ಗುಳ್ಳೆ ಬೆಳೆದರೆ ರೆಗ್ಯುಲೇಟರ್ ಆಫ್ ಮಾಡಿ, ಆಮೇಲೆ ಸರಿಪಡಿಸಿ, ಮತ್ತೆ ಮೊದಲಿನಿಂದ ಪರೀಕ್ಷಿಸಿ. ವಾಲ್ವಿನಿಂದಲೇ ಗುಳ್ಳೆ ಬಂದರೆ ಆ ಸಿಲಿಂಡರ್ ವಾಪಸ್. ಸರಿಮಾಡಲು ಹೋಗಬೇಡಿ.

6. ಕೊನೆಗೆ ಬರಿ ನೀರಿನಿಂದ ಒರೆಸಿ. ಸೋಪು ಒಣಗಿ ಉಳಿದರೆ ಹಿತ್ತಾಳೆಗೆ, ತಾಮ್ರಕ್ಕೆ ಒಳ್ಳೆಯದಲ್ಲ.

ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವವರು ಇನ್ನೂ ಇದ್ದಾರೆ. ಬೇಡ, ಯಾವತ್ತೂ ಬೇಡ.

ಸಿಲಿಂಡರ್ ಬದಲಿಸಿದಾಗಲೆಲ್ಲ ಈ ಪರೀಕ್ಷೆ ಮಾಡಿ. ಹದಗೆಟ್ಟ ರಸ್ತೆಯಲ್ಲಿ ಇಡೀ ದಿನ ಓಡಿಸಿದ ಮೇಲೆ, ತಿಂಗಳುಗಟ್ಟಲೆ ನಿಂತಿದ್ದ ವ್ಯಾನನ್ನು ಮತ್ತೆ ತೆಗೆಯುವಾಗಲೂ ಮಾಡಿ. ಹತ್ತು ಹದಿನೈದು ನಿಮಿಷದ ಕೆಲಸ ಅಲ್ವಾ?

ಹಂತ 5: ಗಾಳಿ ಮತ್ತು ಅಲಾರಂ

ಸೋರಿಕೆ ಇಲ್ಲದಿದ್ದರೂ ಗ್ಯಾಸ್ ಕೊಲ್ಲಬಲ್ಲದು. 1 ಕೆಜಿ ಎಲ್ಪಿಜಿ ಸರಿಯಾಗಿ ಉರಿಯಲು 12 ಘನ ಮೀಟರಿಗಿಂತ ಜಾಸ್ತಿ ಗಾಳಿ ಬೇಕು. ನಿಮ್ಮ ಇಡೀ ವ್ಯಾನಿನಲ್ಲಿ ಅಷ್ಟು ಗಾಳಿ ಇಲ್ಲ. ಗಾಳಿ ಸಾಲದಿದ್ದರೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಎಲ್ಪಿಜಿಗೆ ಬೆರೆಸಿರುವ ಕೆಟ್ಟ ವಾಸನೆ ಇದಕ್ಕಿಲ್ಲ. ಬಣ್ಣವೂ ಇಲ್ಲ.

ಅಡುಗೆ ಮಾಡುವಾಗ ಮೇಲಿನ ಕಿಂಡಿ ಒಂದು, ಕೆಳಗಿನದು ಒಂದು, ಎರಡೂ ತೆರೆದಿರಲಿ. ನೆಲದಲ್ಲಿ, ಸ್ಟವ್ ಹತ್ತಿರ, ಎಂದೂ ಮುಚ್ಚಲಾಗದ ಒಂದು ಸಣ್ಣ ಕಿಂಡಿ ಇಡಿಸಿ. ಚಳಿಗೆ ಅದನ್ನು ಬಟ್ಟೆ ತುರುಕಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಇನ್ನೊಂದು ಹೊದಿಕೆ ಹೊದ್ದುಕೊಳ್ಳಿ, ಕಿಂಡಿ ಮುಚ್ಚಬೇಡಿ.

ಎಲ್ಪಿಜಿ ಅಲಾರಂ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ನೀವು ಮಲಗಿದಾಗ ತಲೆ ಇರುವ ಮಟ್ಟದಲ್ಲಿರಲಿ. ಇದನ್ನು ಅದಲುಬದಲು ಮಾಡಿದವರನ್ನು ನೋಡಿದ್ದೇನೆ. ಚಾವಣಿಗೆ ಅಂಟಿಸಿದ ಎಲ್ಪಿಜಿ ಅಲಾರಂ ಕೂಗುವಷ್ಟರಲ್ಲಿ ತೊಟ್ಟಿ ತುಂಬಿರುತ್ತದೆ.

ಈ ಲಕ್ಷಣಗಳಿಗೆ ಕಣ್ಣು ತೆರೆದಿರಿ: ನೀಲಿ ಉರಿ ಹಳದಿಗೆ ತಿರುಗುವುದು, ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು, ಕಿಟಕಿ ಗಾಜು ವಿಪರೀತ ಬೆವರುವುದು, ವ್ಯಾನಿನಲ್ಲಿ ಇರುವವರಿಗೆಲ್ಲ ಒಟ್ಟಿಗೆ ತಲೆನೋವು ಅಥವಾ ವಾಂತಿ ಬಂದಂತಾಗುವುದು. ಒಬ್ಬರಿಗೆ ತಲೆನೋವಾದರೆ ಪ್ರಯಾಣದ ದಣಿವಿರಬಹುದು. ಎಲ್ಲರಿಗೂ ಬಂದರೆ ತಕ್ಷಣ ಹೊರಗೆ ಹೋಗಿ.

ಮೈ ಬೆಚ್ಚಗೆ ಮಾಡಿಕೊಳ್ಳಲು ಸ್ಟವ್ ಹಚ್ಚಬೇಡಿ. ಕೊಡಗಿನ ಡಿಸೆಂಬರ್ ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ತರಬೇಡಿ. ಬಚ್ಚಲಿಗೆ ಮನೆಯ ಗ್ಯಾಸ್ ಗೀಸರ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮನೆಗಳ ಬಚ್ಚಲಲ್ಲೇ ಅದು ಎಷ್ಟೋ ಜೀವ ತೆಗೆದಿದೆ. ವ್ಯಾನಿನ ಬಚ್ಚಲು ಅದರ ಅರ್ಧವೂ ಇರುವುದಿಲ್ಲ.

ಹಂತ 6: ಅಡುಗೆಯ ಕ್ರಮ

ಕಿಂಡಿ ತೆರೆಯಿರಿ, ಆಮೇಲೆ ರೆಗ್ಯುಲೇಟರ್ ಆನ್. ಲೈಟರ್ ಬರ್ನರಿಗೆ ಹಿಡಿದು, ನಂತರ ನಾಬ್ ತಿರುಗಿಸಿ. ಐದಾರು ಸೆಕೆಂಡಿನಲ್ಲಿ ಹೊತ್ತದಿದ್ದರೆ ನಾಬ್ ಮುಚ್ಚಿ, ಎರಡು ನಿಮಿಷ ಕಾದು ಮತ್ತೆ ನೋಡಿ. ವ್ಯಾನ್ ಚಲಿಸುವಾಗ ಸ್ಟವ್ ಹಚ್ಚುವ ಮಾತೇ ಇಲ್ಲ.

ಮುಗಿದ ಮೇಲೆ ಮೊದಲು ರೆಗ್ಯುಲೇಟರ್ ಆಫ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಉರಿ ತಾನಾಗಿ ಆರಲಿ. ಆಮೇಲೆ ನಾಬ್ ಮುಚ್ಚಿ. ಇದೊಂದು ಅಭ್ಯಾಸವಾದರೆ ರಾತ್ರಿ ನೀವು ಮಲಗಿರುವಾಗ ಪೈಪಿನಲ್ಲಿ ಗ್ಯಾಸೇ ಇರುವುದಿಲ್ಲ. ರೆಗ್ಯುಲೇಟರ್ ಹೊರಗಿನ ಗೂಡಿನಲ್ಲಿದೆ, ಮಳೆಯಲ್ಲಿ ಯಾರು ಇಳಿಯುತ್ತಾರೆ ಎನಿಸುತ್ತದೆ. ಇಳಿಯಿರಿ.

ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಸಿಲಿಂಡರ್ ಅಲುಗಾಡಿಸಬೇಡಿ. ತೂಗಿ, ಅದರ ಮೇಲೆ ಬರೆದ ಖಾಲಿ ತೂಕ ಕಳೆಯಿರಿ. ತಕ್ಕಡಿ ಇಲ್ಲದಿದ್ದರೆ, ಕಬ್ಬಿಣದ ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಗ್ಯಾಸ್ ಇರುವ ಭಾಗ ತಂಪಾಗಿರುವುದರಿಂದ ಒಣಗಲು ತಡವಾಗುತ್ತದೆ.

ಹಂತ 7: ಹೊರಡುವ ಮುಂಚೆ, ಬಂಕ್ ಮುಟ್ಟುವ ಮುಂಚೆ

ರೆಗ್ಯುಲೇಟರ್ ಆಫ್, ನಾಬ್‌ಗಳು ಮುಚ್ಚಿವೆ, ಪಟ್ಟಿ ಬಿಗಿಯಾಗಿದೆ, ಗೂಡಿನ ಬಾಗಿಲು ಹಾಕಿದೆ. ಬಾಯಿಬಿಟ್ಟು ಹೇಳಿಕೊಂಡೇ ಕೀಲಿ ತಿರುಗಿಸಿ. ಗ್ಯಾಸ್ ಮೇಲೆ ಓಡುವ ಫ್ರಿಜ್ ಇದ್ದರೆ ಪೆಟ್ರೋಲ್ ಬಂಕಿನ ಒಳಗೆ ಹೋದ ಮೇಲಲ್ಲ, ರಸ್ತೆಯಲ್ಲೇ ಆರಿಸಿ. ಫ್ರಿಜ್‌ನ ಸಣ್ಣ ಉರಿ ಕಣ್ಣಿಗೆ ಕಾಣದೆ ಮರೆತುಹೋಗುತ್ತದೆ.

ಹಂತ 8: ಬಿಸಿಲು ಮತ್ತು ಚಳಿ

ಕಲಬುರಗಿ, ವಿಜಯಪುರದ ಮೇ ಬಿಸಿಲಲ್ಲಿ ಗೂಡು ಇರುವ ಬದಿ ನೆರಳಿಗೆ ಬರುವಂತೆ ನಿಲ್ಲಿಸಿ. ಗೂಡಿನ ಬಾಗಿಲಿಗೆ ಹೊರಗಿನಿಂದ ಬಿಳಿ ಬಣ್ಣ ಬಳಿದರೂ ಒಳಗಿನ ಬಿಸಿ ಕಡಿಮೆಯಾಗುತ್ತದೆ.

ಲಡಾಖ್, ಸ್ಪಿತಿ ಕಡೆ ಹೋಗುವವರಿಗೆ ತೊಂದರೆ ಬೇರೆ. ಎಲ್ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಬೆರಕೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುತ್ತದೆ. ಬ್ಯುಟೇನ್ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ ಕೊರೆಯುವ ಬೆಳಗ್ಗೆ ಸಿಲಿಂಡರ್ ಭಾರವಾಗಿದ್ದರೂ ಉರಿ ಸತ್ತಂತಿರುತ್ತದೆ. ಸಿಲಿಂಡರನ್ನು ಬೆಂಕಿಯ ಹತ್ತಿರ ಹಿಡಿಯಬೇಡಿ, ಕುದಿವ ನೀರು ಸುರಿಯಬೇಡಿ, ಬೆಚ್ಚಗಿರಲಿ ಎಂದು ವ್ಯಾನಿನೊಳಗೆ ತಂದು ಮಲಗಬೇಡಿ. ಬಿಸಿಲೇರುವ ತನಕ ಕಾಯಿರಿ. ಬೆಳಗಿನ ಚಹಾದ ನೀರನ್ನು ರಾತ್ರಿಯೇ ಕಾಯಿಸಿ ಫ್ಲಾಸ್ಕಿಗೆ ಹಾಕಿಡಿ.

ಹಂತ 9: ವಾಸನೆ ಬಂದರೆ

ಇದನ್ನು ಜೊತೆಗಿರುವ ಎಲ್ಲರಿಗೂ, ಮಕ್ಕಳಿಗೂ, ಹೊರಡುವ ದಿನವೇ ಹೇಳಿಕೊಡಿ.

1. ಉರಿ ಇದ್ದರೆ ಆರಿಸಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆನ್ ಮಾಡುವುದಷ್ಟೇ ಅಲ್ಲ, ಆಫ್ ಮಾಡಿದರೂ ಕಿಡಿ ಹಾರುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. "ಬಯಲಿಗೆ ಕೊಂಡೊಯ್ಯೋಣ" ಎಂದು ಕೀಲಿ ತಿರುಗಿಸುವುದೇ ವ್ಯಾನಿನವರು ಮಾಡುವ ದೊಡ್ಡ ತಪ್ಪು.

2. ಬಾಗಿಲು ಪೂರ್ತಿ ತೆರೆದು ಎಲ್ಲರೂ ಇಳಿಯಿರಿ. ಗ್ಯಾಸ್ ಕೆಳಗಿರುವುದರಿಂದ ಕಿಟಕಿ ಸಾಲದು, ಬಾಗಿಲೇ ಬೇಕು.

3. ಹೊರಗಿನಿಂದ ಗೂಡು ತೆರೆದು ರೆಗ್ಯುಲೇಟರ್ ಆಫ್ ಮಾಡಿ, ಕಳಚಿ, ವಾಲ್ವಿಗೆ ಸೇಫ್ಟಿ ಕ್ಯಾಪ್ ಹಾಕಿ. ಅಲ್ಲೇ ಉರಿ ಹತ್ತಿದ್ದರೆ ಹತ್ತಿರ ಹೋಗಬೇಡಿ, ದೂರ ಓಡಿ.

4. ವ್ಯಾನಿನಿಂದ ದೂರ ಹೋದ ಮೇಲೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ 1906, ದಿನದ 24 ಗಂಟೆಯೂ ಸಿಗುತ್ತದೆ. ಬೆಂಕಿಯಾದರೆ 112 ಅಥವಾ 101.

5. ಸ್ಟವ್‌ನಲ್ಲಿ ಉರಿ ಹಿಡಿತ ತಪ್ಪಿದ್ದರೆ ಮೊದಲು ಗ್ಯಾಸ್ ನಿಲ್ಲಿಸಿ. ಗ್ಯಾಸ್ ಹರಿಯುತ್ತಿರುವಾಗ ಉರಿಯನ್ನಷ್ಟೇ ಆರಿಸಿದರೆ ಹೊರಬಂದ ಗ್ಯಾಸ್ ಕೆಳಗೆ ಸೇರಿ ಮತ್ತೆ ಕಿಡಿಗೆ ಕಾಯುತ್ತದೆ.

ಒಳಗೆ ಮರಳುವ ಮುಂಚೆ ಎಲ್ಲ ಬಾಗಿಲು ತೆರೆದು ಅರ್ಧ ಗಂಟೆಯಾದರೂ ಗಾಳಿ ಆಡಲಿ. ವಾಸನೆ ಪೂರ್ತಿ ಹೋಗಿರಬೇಕು, ಅಲಾರಂ ಸುಮ್ಮನಾಗಿರಬೇಕು. ಒಬ್ಬರ ಮೂಗನ್ನೇ ನಂಬಬೇಡಿ. ಅದೇ ವಾಸನೆಯಲ್ಲಿ ಇದ್ದು ಇದ್ದು ಮೂಗು ಒಗ್ಗಿಹೋಗುತ್ತದೆ. ಹೊರಗೇ ನಿಂತಿದ್ದ ಇನ್ನೊಬ್ಬರು ಬಂದು ಮೂಸಿ ನೋಡಲಿ. ಸೋರಿದ್ದು ಎಲ್ಲಿಂದ ಎಂದು ಸಿಕ್ಕು, ಸರಿಯಾಗಿ, ಹಂತ 4ರ ಸೋಪು ಪರೀಕ್ಷೆ ಮತ್ತೆ ಮುಗಿಯುವ ತನಕ ಸಿಲಿಂಡರ್ ವ್ಯಾನಿನ ಹೊರಗೇ ಇರಲಿ. ಆ ರಾತ್ರಿಯ ಊಟಕ್ಕೆ ಯಾವುದಾದರೂ ಖಾನಾವಳಿ ಹುಡುಕಿ.